23 ನಿಮಿಷದ ಹಾಡಿಗೆ ಇಟಲಿಯಲ್ಲಿ ಮೊದಲ ಸ್ಥಾನ

1972ರಲ್ಲಿ ಇಟಲಿಯ ಆಲ್ಬಮ್ ಪಟ್ಟಿಯ ತುದಿಯಲ್ಲಿ ಹನ್ನೆರಡು ವಾರ ಅಲುಗದೆ ಕುಳಿತಿದ್ದ ಆಲ್ಬಮ್ಮಿನ ಹೆಸರು 'ಪಾನ್ ಹಾರ್ಟ್ಸ್'. ಮಾಡಿದವರು ವ್ಯಾನ್ ಡರ್ ಗ್ರಾಫ್ ಜನರೇಟರ್ ಎಂಬ ಇಂಗ್ಲಿಷ್ ತಂಡದವರು. ರಾಕ್ ತಂಡವೆಂದರೆ ಕಣ್ಣಮುಂದೆ ಬರುವ ಗಿಟಾರ್ ಇಲ್ಲಿ ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬೇಕು. ಆ ಜಾಗವನ್ನು ಆರ್ಗನ್ನೂ ಸ್ಯಾಕ್ಸೊಫೋನೂ ತುಂಬುತ್ತವೆ. ಬೇಸ್ ಸ್ವರಗಳನ್ನು ಬಹುಪಾಲು ಆರ್ಗನ್ ವಾದಕನೇ ಕಾಲಿನಿಂದ ಪೆಡಲ್ ಒತ್ತಿ ನುಡಿಸುತ್ತಾನೆ. ಗ್ರಾಮಫೋನ್ ತಟ್ಟೆಯ ಎರಡನೇ ಬದಿಯಲ್ಲಿ ಇರುವುದು ಒಂದೇ ಹಾಡು, 23 ನಿಮಿಷದ್ದು. ಕಣ್ಣೆದುರೇ ಒಡೆದು ಮುಳುಗುವ ಹಡಗುಗಳನ್ನು ನೋಡುತ್ತಾ ಏನೂ ಮಾಡಲಾಗದೆ ಬುದ್ಧಿ ಕಳೆದುಕೊಳ್ಳುವ ದೀಪಸ್ತಂಭದ ಕಾವಲುಗಾರನೊಬ್ಬನ ಕಥೆ ಅದು. ಕುಣಿಯುವುದಕ್ಕಾಗಲಿ, ಬಾಯಲ್ಲಿ ಗುನುಗುವುದಕ್ಕಾಗಲಿ ಒದಗುವಂಥದ್ದಲ್ಲ. ಅದೇ ಆಲ್ಬಮ್ ಹುಟ್ಟೂರು ಇಂಗ್ಲೆಂಡಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳಲೇ ಇಲ್ಲ.

ಹೀಗೆ ಉದ್ದುದ್ದ ಹಾಡು ಕಟ್ಟುವ ರಾಕ್ ಸಂಗೀತಕ್ಕೆ ಪ್ರೋಗ್ರೆಸಿವ್ ರಾಕ್ ಎಂದು ಹೆಸರು. ಅದೆಂದರೆ ತಲೆಗೂದಲು ಬಿಟ್ಟ ಕೆಲವೇ ಪಂಡಿತರ ಗುಟ್ಟಿನ ಸಂಗೀತ ಎಂಬ ಮಾತು ಈಗ ಬೇರೂರಿಬಿಟ್ಟಿದೆ. ಆ ಕಾಲದ ಮಾರಾಟದ ಪಟ್ಟಿಗಳನ್ನು ಒಂದೊಂದಾಗಿ ತೆರೆದು ನೋಡಿದರೆ ಈ ಮಾತು ನಿಲ್ಲುವುದಿಲ್ಲ. 1969ರಿಂದ ಹತ್ತು ವರ್ಷ ಇದು ಜನಪ್ರಿಯ ಸಂಗೀತದ ನಟ್ಟನಡುವೆಯೇ ಇತ್ತು. ಆದರೆ ಒಂದೊಂದು ದೇಶದಲ್ಲಿ ಅದನ್ನು ಮೇಲಕ್ಕೆತ್ತಿದ ಕೈ ಬೇರೆ ಬೇರೆ. ನನಗೆ ಕುತೂಹಲ ಹುಟ್ಟಿಸುವುದು ಇದೇ.

ಮೊದಲು ಬ್ರಿಟನ್. 1960ರ ದಶಕದ ಕೊನೆಯ ಹೊತ್ತಿಗೆ ಮೂರು ನಿಮಿಷದ ಸಿಂಗಲ್ ತಟ್ಟೆಯಿಂದ ಹೆಚ್ಚು ಹೊತ್ತು ಓಡುವ ದೊಡ್ಡ ತಟ್ಟೆಯಾದ ಎಲ್‌ಪಿಯ ಕಡೆಗೆ ಕೇಳುಗರು ವಾಲಿದ್ದರು. ಎಲ್‌ಪಿಯ ಒಂದು ಬದಿ ಎಂದರೆ ಇಪ್ಪತ್ತು, ಇಪ್ಪತ್ತೆರಡು ನಿಮಿಷ. ಅಷ್ಟು ಜಾಗ ಸಿಕ್ಕ ಮೇಲೆ ಕಲಾವಿದರು ಅದನ್ನು ತುಂಬುವ ಹಾಡು ಕಟ್ಟತೊಡಗಿದರು. ದೊಡ್ಡ ಕಂಪನಿಗಳು ಇಂಥ ಸಂಗೀತಕ್ಕೆಂದೇ ಬೇರೆ ಲೇಬಲ್ ತೆರೆದವು. ಇಎಂಐಯ ಹಾರ್ವೆಸ್ಟ್, ಫಿಲಿಪ್ಸ್‌ನ ವರ್ಟಿಗೊ ಎರಡೂ 1969ರವು. ಕಾಲೇಜು ವಿದ್ಯಾರ್ಥಿ ಸಂಘಗಳು ವಾರಕ್ಕೊಂದು ತಂಡವನ್ನು ಕರೆಸುತ್ತಿದ್ದವು. ಹೀಗಾಗಿ ಹಾಡು ರೇಡಿಯೊದಲ್ಲಿ ಬರದಿದ್ದರೂ ಕೇಳುಗ ಸಿಗುತ್ತಿದ್ದ. 1969ರಲ್ಲಿ ಕಿಂಗ್ ಕ್ರಿಮ್ಸನ್ನಿನ ಮೊದಲ ಆಲ್ಬಮ್ ಐದನೇ ಸ್ಥಾನಕ್ಕೆ ಬಂತು. ಮೂಡಿ ಬ್ಲೂಸ್, ಜೆಥ್ರೊ ಟಲ್, ಪಿಂಕ್ ಫ್ಲಾಯ್ಡ್, ಎಮರ್ಸನ್ ಲೇಕ್ ಆ್ಯಂಡ್ ಪಾಮರ್, ಯೆಸ್ ಎಲ್ಲರೂ 1969ರಿಂದ 1974ರ ಒಳಗೆ ಬ್ರಿಟನ್ನಿನ ಮೊದಲ ಸ್ಥಾನ ಕಂಡವರೇ.

ಇವರಲ್ಲಿ ಯೆಸ್ ತಂಡದ ಕಥೆಗೆ ನಮ್ಮ ಕಡೆಯದೊಂದು ಎಳೆ ಇದೆ. 1973ರಲ್ಲಿ ಟೋಕಿಯೊದ ಹೋಟೆಲ್ ಕೋಣೆಯಲ್ಲಿ ಗಾಯಕ ಜಾನ್ ಆ್ಯಂಡರ್ಸನ್ ಪರಮಹಂಸ ಯೋಗಾನಂದರ ಆತ್ಮಕಥೆಯನ್ನು ಓದುತ್ತಿದ್ದರು. ಶಾಸ್ತ್ರಗ್ರಂಥಗಳನ್ನು ವಿವರಿಸುವ ಒಂದು ಉದ್ದನೆಯ ಅಡಿಟಿಪ್ಪಣಿ ಅವರನ್ನು ಹಿಡಿದು ನಿಲ್ಲಿಸಿತು. ಆ ಅಡಿಟಿಪ್ಪಣಿಯಿಂದ ಎರಡು ತಟ್ಟೆಗಳ ಆಲ್ಬಮ್ ಹುಟ್ಟಿತು. ನಾಲ್ಕು ಬದಿ, ನಾಲ್ಕೇ ಹಾಡು. ವಿಮರ್ಶಕರು ಅದನ್ನು ಚೆನ್ನಾಗಿಯೇ ಝಾಡಿಸಿದರು, ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಬೇಸತ್ತು ತಂಡ ಬಿಟ್ಟರು. ಆದರೂ ಕೊಳ್ಳುವವರು ಕೊಂಡರು, ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನಕ್ಕೆ ಹೋಯಿತು.

ಅಮೆರಿಕದಲ್ಲಿ ಬಾಗಿಲು ತೆರೆದದ್ದು ಒಂದು ಸರ್ಕಾರಿ ನಿಯಮ. ದೊಡ್ಡ ಊರುಗಳಲ್ಲಿ ಎಎಂ ಕೇಂದ್ರದ ಕಾರ್ಯಕ್ರಮವನ್ನೇ ಎಫ್ಎಂನಲ್ಲಿ ದಿನವಿಡೀ ಮರುಪ್ರಸಾರ ಮಾಡುವಂತಿಲ್ಲ ಎಂದು ಅಲ್ಲಿನ ಸಂಪರ್ಕ ಆಯೋಗ 1960ರ ದಶಕದ ನಡುವೆ ವಿಧಿಸಿತು. ಕೇಂದ್ರಗಳ ಕೈಯಲ್ಲಿ ಗಂಟೆಗಟ್ಟಲೆ ಖಾಲಿ ಸಮಯ ಉಳಿಯಿತು. ಅದನ್ನು ತುಂಬಲು ಬಂದ ಯುವ ನಿರೂಪಕರು ಆಲ್ಬಮ್ಮಿನ ಇಡೀ ಬದಿಯನ್ನೇ ಹಾಕಿ ಕೂರುತ್ತಿದ್ದರು. ಜೆಥ್ರೊ ಟಲ್‌ನ 'ಥಿಕ್ ಆ್ಯಸ್ ಎ ಬ್ರಿಕ್' ಎರಡೂ ಬದಿಗೆ ಹರಡಿದ ಒಂದೇ ಹಾಡು, ನಲವತ್ತು ನಿಮಿಷಕ್ಕೂ ಮೇಲ್ಪಟ್ಟದ್ದು. 1972ರಲ್ಲಿ ಅಮೆರಿಕದ ಮೊದಲ ಸ್ಥಾನ ಅದಕ್ಕೆ ಸಿಕ್ಕಿತು. ಮರುವರ್ಷ ಅದೇ ತಂಡದ ಅದೇ ಬಗೆಯ ಇನ್ನೊಂದು ಆಲ್ಬಮ್ಮಿಗೂ ಸಿಕ್ಕಿತು.

ಆ ವರ್ಷವೇ, ಅಂದರೆ 1973ರ ಮಾರ್ಚಿನಲ್ಲಿ, ಬಂದದ್ದು ಪಿಂಕ್ ಫ್ಲಾಯ್ಡ್‌ನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್'. ಇದರ 'ಮನಿ' ಹಾಡಿನ ಮೊದಲ ಕೆಲವು ಕ್ಷಣಗಳನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ತಂಡದ ಬೇಸ್ ವಾದಕ ರೋಜರ್ ವಾಟರ್ಸ್ ಅವರ ಪತ್ನಿ ಮಣ್ಣಿನ ಪಾತ್ರೆ ಮಾಡುವವರು. ಅವರು ಜೇಡಿಮಣ್ಣು ಕಲಸುತ್ತಿದ್ದ ದೊಡ್ಡ ಬೋಗುಣಿಯೊಳಗೆ ವಾಟರ್ಸ್ ಹಿಡಿಗಟ್ಟಲೆ ನಾಣ್ಯ ಎಸೆದು ಆ ಸದ್ದನ್ನು ಟೇಪಿಗೆ ಹಿಡಿದರು. ಕಾಗದ ಹರಿಯುವ ಸದ್ದು, ಅಂಗಡಿಯ ಗಲ್ಲಾ ಯಂತ್ರದ ಸದ್ದು ಜೊತೆಗೆ ಸೇರಿದವು. ಆಮೇಲೆ ಅಳತೆಪಟ್ಟಿ ಇಟ್ಟು ಟೇಪನ್ನು ಒಂದೇ ಉದ್ದದ ತುಂಡುಗಳಾಗಿ ಕತ್ತರಿಸಿ, ಏಳು ಸದ್ದು ಸುತ್ತುವಂತೆ ಬಳೆಯಾಗಿ ಅಂಟಿಸಿದರು. ಅಂದರೆ ತಾಳವನ್ನು ಕತ್ತರಿಯಿಂದಲೇ ಕಟ್ಟಿದ್ದು! ಹಾಡು ಸಾಗುವುದೂ ಏಳೆಣಿಕೆಯಲ್ಲೇ. ಮಿಶ್ರಛಾಪುವಿನ ದೇವರನಾಮ ಕೇಳಿ ಬೆಳೆದ ಕಿವಿಗೆ ಅದು ಪರಿಚಿತ. 'ತಕಿಟ ತಕದಿಮಿ' ಎಂದು ತೊಡೆ ತಟ್ಟುತ್ತಾ ಹೋದರೆ ಎಲ್ಲೂ ತಪ್ಪುವುದಿಲ್ಲ. ಗಿಟಾರ್ ಏಕವಾದನ ಬಂದಾಗ ಮಾತ್ರ ಎಣಿಕೆ ನಾಲ್ಕಕ್ಕೆ ಹೊರಳುತ್ತದೆ, ಮುಗಿದ ಮೇಲೆ ಮತ್ತೆ ಏಳಕ್ಕೆ ಬರುತ್ತದೆ. ನಾಲ್ಕೆಣಿಕೆ ಬಿಟ್ಟು ಬೇರೆ ತಿಳಿಯದ ಪಾಶ್ಚಾತ್ಯ ಪಾಪ್ ಪಟ್ಟಿಯಲ್ಲಿ ಇಂಥ ಹಾಡು ಅಮೆರಿಕದ 13ನೇ ಸ್ಥಾನಕ್ಕೆ ಬಂತು ಎಂಬುದು ನನಗೆ ಈಗಲೂ ಬೆರಗು. ಆಲ್ಬಮ್ ಅಮೆರಿಕದಲ್ಲಿ ಮೊದಲ ಸ್ಥಾನದಲ್ಲಿ ಇದ್ದದ್ದು ಒಂದೇ ವಾರ. ಆದರೆ 1988ರವರೆಗೆ ಒಟ್ಟು 741 ವಾರ ಅದು ಅಲ್ಲಿನ ಮೊದಲ ಇನ್ನೂರರ ಪಟ್ಟಿಯಲ್ಲಿ ಉಳಿಯಿತು. 2002ರಲ್ಲಿ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ಹಾಡಿದಾಗ ಇಲ್ಲಿನ ಕೇಳುಗರೂ ಈ ಹಾಡುಗಳನ್ನು ಎದುರಾಎದುರೇ ಕೇಳಿದರು.

ಇಟಲಿಗೆ ಮರಳೋಣ. ಅಲ್ಲಿನ ಕಥೆಯೇ ಎಲ್ಲಕ್ಕಿಂತ ವಿಚಿತ್ರವಾದದ್ದು, ಎಲ್ಲಕ್ಕಿಂತ ನೋವಿನದ್ದು ಕೂಡ.

ಇಂಗ್ಲೆಂಡಿನಲ್ಲಿ ಜೆನೆಸಿಸ್ ತಂಡ ಇನ್ನೂ ಸಣ್ಣ ಸಭಾಂಗಣಗಳಲ್ಲಿ ತಿಣುಕುತ್ತಿದ್ದಾಗ, 1972ರ ಏಪ್ರಿಲ್‌ನಲ್ಲಿ ಇಟಲಿಗೆ ಹೋಯಿತು. ಅಲ್ಲಿ ಸಿಕ್ಕ ಮನ್ನಣೆಯೇ ಬೇರೆ. ಅವರ 'ನರ್ಸರಿ ಕ್ರೈಮ್' ಅಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಿತ್ತು, ಮುಂದಿನ ಆಲ್ಬಮ್ 'ಫಾಕ್ಸ್‌ಟ್ರಾಟ್' ಮೊದಲನೆಯದಕ್ಕೇ ಹೋಯಿತು. ಅದೇ 'ಫಾಕ್ಸ್‌ಟ್ರಾಟ್' ಬ್ರಿಟನ್ನಿನಲ್ಲಿ ನಿಂತದ್ದು 12ರಲ್ಲಿ. ಇಟಲಿಯವರಿಗೇ ಏಕೆ ಇದು ಅಷ್ಟು ಹಿಡಿಸಿತು? ಒಪೆರಾ ಅಲ್ಲಿನ ಬೀದಿಬೀದಿಯ ಆಸ್ತಿ. ಒಂದು ಭಾವದಿಂದ ಇನ್ನೊಂದಕ್ಕೆ ಹೊರಳುವ ಉದ್ದನೆಯ ಕಥನ, ರಂಗದ ಮೇಲಿನ ವೇಷ, ಗಾಯಕನ ಆರ್ಭಟ ಯಾವುದೂ ಅವರಿಗೆ ಹೊಸದಲ್ಲ. ಜೆನೆಸಿಸ್ ಗಾಯಕ ಪೀಟರ್ ಗೇಬ್ರಿಯಲ್ ಮುಖವಾಡ ಹಾಕಿಕೊಂಡು ಬಂದರೆ ಇಂಗ್ಲೆಂಡಿನವರಿಗೆ ಅದು ಹುಚ್ಚಾಟವಾಗಿ ಕಂಡಿರಬಹುದು, ಇಟಲಿಯವರಿಗೆ ಅದು ರಂಗಭೂಮಿ. ಈ ವಿವರಣೆ ನನಗೆ ಸರಿಯೆನಿಸುತ್ತದೆ. ಯಕ್ಷಗಾನ ನೋಡಿ ಬೆಳೆದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಟಲಿಯವರು ಕೇಳಿ ಸುಮ್ಮನಾಗಲಿಲ್ಲ. 1972ರಲ್ಲಿ ಪ್ರೆಮಿಯಾಟ ಫೊರ್ನೆರಿಯ ಮಾರ್ಕೊನಿ ಎಂಬ ತಂಡದ ಮೊದಲ ಆಲ್ಬಮ್ ಅಲ್ಲಿ ಪಟ್ಟಿಯ ತುದಿಗೇರಿತು. ಹೆಸರು ಒಂದು ಬೇಕರಿಯದು, 'ಬಹುಮಾನಿತ ಮಾರ್ಕೊನಿ ಬೇಕರಿ' ಎಂದು ಅರ್ಥ. ಹಾಡಿದ್ದು ಇಟಾಲಿಯನ್ನಿನಲ್ಲಿ, ಅನುಕರಣೆಯ ಇಂಗ್ಲಿಷಿನಲ್ಲಲ್ಲ. ಬಾಂಕೊ ದೆಲ್ ಮುತುವೊ ಸೊಕ್ಕೊರ್ಸೊ, ಲೆ ಓರ್ಮೆ ಮುಂತಾದ ತಂಡಗಳೂ ತಮ್ಮ ನುಡಿಯಲ್ಲೇ ಹಾಡಿ ಗೆದ್ದವು. ಪ್ರೆಮಿಯಾಟವನ್ನು ಕೇಳಿ ಮೆಚ್ಚಿದ, ಎಮರ್ಸನ್ ಲೇಕ್ ಆ್ಯಂಡ್ ಪಾಮರ್ ತಂಡದ ಗ್ರೆಗ್ ಲೇಕ್ ತಮ್ಮ ಲೇಬಲ್ಲಿಗೆ ಸೇರಿಸಿಕೊಂಡರು. ಕಿಂಗ್ ಕ್ರಿಮ್ಸನ್ನಿಗೆ ಹಾಡು ಬರೆದಿದ್ದ ಪೀಟ್ ಸಿನ್‌ಫೀಲ್ಡ್ ಅವರಿಂದ ಇಂಗ್ಲಿಷ್ ಸಾಹಿತ್ಯ ಬರೆಸಲಾಯಿತು. ಆ ಇಂಗ್ಲಿಷ್ ಆಲ್ಬಮ್ ಅಮೆರಿಕದ ಪಟ್ಟಿಯ ಕೆಳಭಾಗದಲ್ಲಿ ಜಾಗ ಪಡೆಯಿತು. ನನ್ನನ್ನು ಕೇಳಿದರೆ ಇಟಾಲಿಯನ್ ಹಾಡುಗಳೇ ಚೆನ್ನ, ಆ ರಾಗಗಳು ಹುಟ್ಟಿದ್ದೇ ಆ ನುಡಿಯ ಬಾಯಲ್ಲಿ.

ಆದರೆ ಇಟಲಿಯ ಯುವಕರಿಗೆ ಸಂಗೀತ ಕಛೇರಿ ಬರೀ ಸಂಗೀತವಾಗಿ ಉಳಿಯಲಿಲ್ಲ. 1971ರ ಜುಲೈ 5ರಂದು ಮಿಲಾನಿನ ವಿಗೊರೆಲ್ಲಿ ಕ್ರೀಡಾಂಗಣದಲ್ಲಿ ಲೆಡ್ ಜೆಪ್ಪೆಲಿನ್ ಹಾಡುತ್ತಿದ್ದಾಗಲೇ ಪೊಲೀಸರು ಅಶ್ರುವಾಯು ಸಿಡಿಸಿದರು, ಕಾರ್ಯಕ್ರಮ ಅರ್ಧಕ್ಕೆ ನಿಂತಿತು. ಮುಂದೆ 'ಸಂಗೀತ ಎಲ್ಲರದು, ಟಿಕೆಟ್ ಏಕೆ ಕೊಳ್ಳಬೇಕು' ಎಂಬ ಚಳವಳಿ ಬೆಳೆಯಿತು. ಬಾಗಿಲು ಮುರಿದು ನುಗ್ಗುವುದು, ಕಲ್ಲು ತೂರುವುದು ಮಾಮೂಲಾಯಿತು. 1975ರಲ್ಲಿ ಲೂ ರೀಡ್ ಅವರ ಕಾರ್ಯಕ್ರಮ ಗಲಭೆಯಲ್ಲಿ ಮುಗಿಯಿತು, 1977ರಲ್ಲಿ ಮಿಲಾನಿನಲ್ಲಿ ಸಂತಾನಾ ಕಾರ್ಯಕ್ರಮದ ವೇಳೆ ಪೆಟ್ರೋಲ್ ಬಾಂಬ್ ಬಿತ್ತು. ವಿದೇಶಿ ತಂಡಗಳು ವರ್ಷಗಳ ಕಾಲ ಆ ಕಡೆ ತಲೆಹಾಕಲಿಲ್ಲ. ಇಷ್ಟು ಪ್ರೀತಿಯಿಂದ ಕರೆದ ನೆಲವೇ ಹೀಗೆ ಬಾಗಿಲು ಮುಚ್ಚಿಕೊಂಡದ್ದು ಓದಿದಾಗಲೆಲ್ಲ ಸಂಕಟವಾಗುತ್ತದೆ. ವ್ಯಾನ್ ಡರ್ ಗ್ರಾಫ್ ಅಂತೂ ಮೊದಲ ಸ್ಥಾನದ ಆ ವರ್ಷವೇ, ತಿರುಗಾಟದಲ್ಲಿ ದಣಿದು, ಕೈಯಲ್ಲಿ ಕಾಸಿಲ್ಲದೆ ಚದುರಿಹೋಯಿತು. ಮತ್ತೆ ಒಂದಾಗಲು 1975 ಬರಬೇಕಾಯಿತು.

ನೆದರ್ಲೆಂಡ್ಸ್‌ನ ಫೋಕಸ್ ತಂಡದ ಗೆಲುವು ಬೇರೆ ಬಗೆಯದು. ಅವರ ಹಾಡುಗಳಲ್ಲಿ ಮಾತೇ ಕಡಿಮೆ, ಹಾಗಾಗಿ ಭಾಷೆಯ ಗಡಿಯೂ ಅಡ್ಡ ಬರಲಿಲ್ಲ. ತೈಸ್ ವಾನ್ ಲೇರ್ ಕೊಳಲೂದುತ್ತಾ ನಡುನಡುವೆ ಆಲ್ಪ್ಸ್ ಕಡೆಯ ದನಗಾಹಿಗಳಂತೆ ಕಂಠ ಮುರಿದು ಕೂಗುವ 'ಹೋಕಸ್ ಪೋಕಸ್' 1973ರಲ್ಲಿ ಅಮೆರಿಕದ ಒಂಬತ್ತನೇ ಸ್ಥಾನಕ್ಕೆ ಬಂತು. 'ಸಿಲ್ವಿಯಾ' ಬ್ರಿಟನ್ನಿನ ನಾಲ್ಕನೆಯದಕ್ಕೆ.

ಕೆನಡಾದ ರಶ್ ಗೆದ್ದದ್ದು ಹಟದಿಂದ. 1975ರ ಅವರ ಆಲ್ಬಮ್ ಮಕಾಡೆ ಬಿತ್ತು. ಆ ವರ್ಷದ ಪ್ರವಾಸಕ್ಕೆ ಅವರೇ 'ಮುಳುಗಿದ ಪ್ರವಾಸ' ಎಂಬರ್ಥದ ಅಡ್ಡಹೆಸರಿಟ್ಟರು. ಚಿಕ್ಕ ಹಾಡು ಮಾಡಿ, ರೇಡಿಯೊಗೆ ಒಪ್ಪುವಂತೆ ಮಾಡಿ ಎಂದು ಕಂಪನಿ ಒತ್ತಾಯಿಸಿತು. ಅವರು 1976ರಲ್ಲಿ '2112' ಎಂಬ ಆಲ್ಬಮ್ಮಿನ ಇಡೀ ಮೊದಲ ಬದಿಗೆ ಇಪ್ಪತ್ತು ನಿಮಿಷದ ಒಂದೇ ಹಾಡು ಇಟ್ಟುಕೊಟ್ಟರು. ಅದೇ ಅವರನ್ನು ಉಳಿಸಿತು. 1981ರ 'ಮೂವಿಂಗ್ ಪಿಕ್ಚರ್ಸ್' ಕೆನಡಾದಲ್ಲಿ ಮೊದಲ ಸ್ಥಾನ, ಅಮೆರಿಕ ಮತ್ತು ಬ್ರಿಟನ್ ಎರಡರಲ್ಲೂ ಮೂರನೇ ಸ್ಥಾನ ಪಡೆಯಿತು.

1976–77ರಲ್ಲಿ ಬಂದ ಪಂಕ್ ಎಂಬ ಚಿಕ್ಕ, ಒರಟು ಹಾಡುಗಳ ರಾಕ್ ಈ ಸಂಗೀತವನ್ನು ರಾತ್ರೋರಾತ್ರಿ ಕೊಂದಿತು ಎಂದು ಎಷ್ಟೋ ಕಡೆ ಬರೆಯುತ್ತಾರೆ. 1977ರ ಬ್ರಿಟನ್ ಪಟ್ಟಿಯನ್ನೇ ನೋಡಿ. ಯೆಸ್‌ನ 'ಗೋಯಿಂಗ್ ಫಾರ್ ದಿ ಒನ್' ಮೊದಲ ಸ್ಥಾನದಲ್ಲಿದೆ. ಪಿಂಕ್ ಫ್ಲಾಯ್ಡ್‌ನ 'ಆ್ಯನಿಮಲ್ಸ್' ಎರಡನೆಯದರಲ್ಲಿದೆ. ಎಮರ್ಸನ್ ಲೇಕ್ ಆ್ಯಂಡ್ ಪಾಮರ್‌ನ ಹಾಡಿಲ್ಲದ ವಾದ್ಯ ಕೃತಿಯೊಂದು ಸಿಂಗಲ್ ಪಟ್ಟಿಯಲ್ಲೇ ಎರಡನೆಯದಕ್ಕೆ ಬಂದಿದೆ. ಬ್ರಿಟನ್ನಿನಲ್ಲಿ ಹತ್ತು ವರ್ಷ ಸಿಂಗಲ್ ಬಿಡುಗಡೆಯನ್ನೇ ಮಾಡದಿದ್ದ ಪಿಂಕ್ ಫ್ಲಾಯ್ಡ್ 1979ರ ಕೊನೆಗೆ ಒಂದನ್ನು ಬಿಟ್ಟರೆ, ಅದು ಕ್ರಿಸ್‌ಮಸ್ ವಾರದ ಮೊದಲ ಸ್ಥಾನಕ್ಕೇ ಹೋಯಿತು. ಬದಲಾದದ್ದು ಪತ್ರಿಕೆಗಳ ಒಲವು, ಕಂಪನಿಗಳ ಲೆಕ್ಕಾಚಾರ. 1980ರ ದಶಕದಲ್ಲಿ ಹಳೆಯ ತಂಡಗಳೇ ಹಾಡು ಚಿಕ್ಕದು ಮಾಡಿ ಹೊಸ ಪಟ್ಟಿ ಗೆದ್ದವು. 1984ರ ಜನವರಿಯಲ್ಲಿ ಯೆಸ್, 1986ರಲ್ಲಿ ಜೆನೆಸಿಸ್, ಎರಡಕ್ಕೂ ಅಮೆರಿಕದ ಸಿಂಗಲ್ ಪಟ್ಟಿಯ ಮೊದಲ ಸ್ಥಾನ. ಹಳೆಯ ರೀತಿಯನ್ನು ಹಿಡಿದುಕೊಂಡೇ ಬಂದ ಮರಿಲಿಯನ್ 1985ರಲ್ಲಿ ಬ್ರಿಟನ್ನಿನ ಆಲ್ಬಮ್ ಪಟ್ಟಿಯ ಮೇಲೇರಿತು.

ಇದೇ ಮರಿಲಿಯನ್ ಮುಂದೆ ಕಂಪನಿಯ ಬೆಂಬಲ ಕಳೆದುಕೊಂಡಾಗ ಕೈ ಹಿಡಿದವರು ಕೇಳುಗರು. 1997ರಲ್ಲಿ ಅಮೆರಿಕಕ್ಕೆ ಬರಲು ಹಣವಿಲ್ಲ ಎಂದಾಗ ಅಲ್ಲಿನ ಅಭಿಮಾನಿಗಳು ಇಂಟರ್ನೆಟ್ ಮೂಲಕ ಸುಮಾರು 60 ಸಾವಿರ ಡಾಲರ್ ಕೂಡಿಸಿ ಕರೆಸಿಕೊಂಡರು. 2001ರ ಆಲ್ಬಮ್ಮಿಗೆ 12 ಸಾವಿರಕ್ಕೂ ಹೆಚ್ಚು ಜನ ಮುಂಗಡ ಹಣ ಕಟ್ಟಿದರು. ಈಚಿನ ಗೆಲುವುಗಳ ಹಿಂದೆ ಇಂಥದೇ ನಿಷ್ಠೆ ಇದೆ. 2022ರಲ್ಲಿ ಪೊರ್ಕುಪೈನ್ ಟ್ರೀ ಹನ್ನೆರಡು ವರ್ಷಗಳ ಮೇಲೆ ಆಲ್ಬಮ್ ತಂದಾಗ ಜರ್ಮನಿ, ನೆದರ್ಲೆಂಡ್ಸ್ ಎರಡರಲ್ಲೂ ಅದು ಮೊದಲ ಸ್ಥಾನಕ್ಕೆ ಬಂತು, ಬ್ರಿಟನ್ನಿನಲ್ಲಿ ಎರಡನೆಯದಕ್ಕೆ.

2007ರ ಜುಲೈ 14ರಂದು ಜೆನೆಸಿಸ್ ತನ್ನ ಯುರೋಪ್ ಪ್ರವಾಸವನ್ನು ಮುಗಿಸಲು ಆರಿಸಿಕೊಂಡದ್ದು ರೋಮ್ ನಗರವನ್ನು. ಪ್ರಾಚೀನ ರಥಸ್ಪರ್ಧೆಯ ಮೈದಾನವಾದ ಚಿರ್ಕೊ ಮಾಸ್ಸಿಮೊದಲ್ಲಿ ಉಚಿತ ಕಾರ್ಯಕ್ರಮ. ಸೇರಿದವರು ಸುಮಾರು ಐದು ಲಕ್ಷ ಎಂಬ ಅಂದಾಜು. ಗೇಬ್ರಿಯಲ್ ತಂಡ ಬಿಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಕೊನೆಯ ಹಾಡಾಗಿ, ಅವರ ಜಾಗದಲ್ಲಿ ಗಾಯಕನಾದ ಫಿಲ್ ಕಾಲಿನ್ಸ್ ಎತ್ತಿಕೊಂಡದ್ದು 'ಕಾರ್ಪೆಟ್ ಕ್ರಾಲರ್ಸ್', 1974ರದ್ದು, ಗೇಬ್ರಿಯಲ್ ಕಾಲದ್ದು.