ಚಿಲ್ಲಾಯ್ ಕಲಾನ್: ಚಳಿಗೂ ಒಂದು ಸಂಸಾರ

ಕಾಶ್ಮೀರದವರು ಚಳಿಗೂ ಒಂದು ಸಂಸಾರ ಕಟ್ಟಿಕೊಟ್ಟಿದ್ದಾರೆ. ಡಿಸೆಂಬರ್ 21ರಿಂದ 40 ದಿನ ‘ಚಿಲ್ಲಾಯ್ ಕಲಾನ್’. ಇದು ಮನೆಗೆ ದೊಡ್ಡದು. ಮುಂದಿನ 20 ದಿನ ‘ಚಿಲ್ಲಾಯ್ ಖುರ್ದ್’, ಚಿಕ್ಕದು. ಕೊನೆಯ 10 ದಿನ ‘ಚಿಲ್ಲಾಯ್ ಬಚ್ಚಾ’, ಮರಿ. ಪರ್ಷಿಯನ್ನಿನಲ್ಲಿ ‘ಚಿಲ್ಲಾ’ ಅಂದರೆ 40 ದಿನದ ಗಡುವು. ಸೂಫಿಗಳು ಒಂಟಿಯಾಗಿ ಕೂತು ನಡೆಸುವ 40 ದಿನದ ಧ್ಯಾನಕ್ಕೂ ಇದೇ ಹೆಸರು. ಹಾಗಾದರೆ 10 ದಿನದ್ದು ಹೇಗೆ ಚಿಲ್ಲಾ ಆಯಿತು? ಇರಲಿ ಬಿಡಿ, ಮರಿ ಅಲ್ವಾ.

ನನಗೆ ಜಾಸ್ತಿ ಖುಷಿ ಕೊಡುವುದು ಈ ಲೆಕ್ಕ ಶುರುವಾಗುವ ದಿನ. ಡಿಸೆಂಬರ್ 21ರ ಸುಮಾರಿಗೆ ವರ್ಷದ ಅತಿ ಚಿಕ್ಕ ಹಗಲು. ಶ್ರೀನಗರದಲ್ಲಿ ಆಗ ಹಗಲು ಹತ್ತಿರ ಹತ್ತಿರ 10 ಗಂಟೆ ಮಾತ್ರ. ನಡುಮಧ್ಯಾಹ್ನವೂ ಸೂರ್ಯ 33 ಡಿಗ್ರಿ ದಾಟಿ ಏರುವುದಿಲ್ಲ. ಚಳಿ ಅವತ್ತೇ ತುದಿ ಮುಟ್ಟಬೇಕಿತ್ತು. ಆದರೆ ಕಾಶ್ಮೀರಿಗಳು ಅವತ್ತು ಎಣಿಸಲು ಶುರು ಮಾಡುತ್ತಾರೆ. ಅವರೇ ಸರಿ.

ಇದು ಮನೆ ಖರ್ಚಿನ ಲೆಕ್ಕ. ಬಿಸಿಲು ಆದಾಯ. ನೆಲ ರಾತ್ರಿಯಿಡೀ ಆಕಾಶಕ್ಕೆ ಬಿಟ್ಟುಕೊಡುವ ಶಾಖ ಖರ್ಚು. ಡಿಸೆಂಬರ್ 21ರ ನಂತರ ಆದಾಯ ಏರುತ್ತದೆ ನಿಜ, ಆದರೆ ದಿನಕ್ಕೆ ಚೂರುಪಾರು. ಖರ್ಚು ಇನ್ನೂ ಅದಕ್ಕಿಂತ ಜಾಸ್ತಿ. ಹಾಗಾಗಿ ಮಣ್ಣು, ದಾಲ್ ಸರೋವರದ ನೀರು ಬೇಸಿಗೆಯಲ್ಲಿ ಕೂಡಿಟ್ಟ ಶಾಖ ಕರಗುತ್ತಲೇ ಹೋಗುತ್ತದೆ. ಆದಾಯ ಖರ್ಚನ್ನು ಹಿಡಿಯುವ ಹೊತ್ತಿಗೆ ಜನವರಿ ಬಹುಪಾಲು ಮುಗಿದಿರುತ್ತದೆ. ಬೆಂಗಳೂರಿನ ದಾಖಲೆ ಚಳಿ, 7.8 ಡಿಗ್ರಿ, ಬಿದ್ದದ್ದೂ 1884ರ ಜನವರಿ 13ರಂದು. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ ಅಂತ ನಮ್ಮವರು ಹೇಳುವುದು ಸುಮ್ನೆ ಅಲ್ಲ. ಮರಿ ಚಿಲ್ಲಾ ಮುಗಿಯುವುದೂ ಹೆಚ್ಚುಕಡಿಮೆ ಆಗಲೇ.

ಚಳಿಗಾಲದಲ್ಲಿ ಭೂಮಿ ಸೂರ್ಯನಿಂದ ದೂರ ಹೋಗುತ್ತದೆ ಅನ್ನುವವರು ಈಗಲೂ ಸಿಗುತ್ತಾರೆ. ಓದಿದವರೇ! ಚಿಲ್ಲಾಯ್ ಕಲಾನ್ ಜೋರಾಗಿರುವ ಜನವರಿ ಮೊದಲ ವಾರದಲ್ಲೇ ಭೂಮಿ ಸೂರ್ಯನಿಗೆ ಅತಿ ಹತ್ತಿರ, 14.7 ಕೋಟಿ ಕಿಲೋಮೀಟರ್. ಜುಲೈಯಲ್ಲಿ 15.2 ಕೋಟಿ. ಚಳಿಗೆ ಕಾರಣ ಭೂಮಿಯ ವಾಲು, ದೂರ ಅಲ್ಲ.

ಅಲ್ಲಿನ ಇನ್ನೊಂದು ಪದ ‘ಶಿಶರ್‌ಗಾಂಠ್’. ನಮ್ಮ ‘ಶಿಶಿರ’ ಕೇಳಿಸಿತಲ್ಲ? ಸೂರಿನಿಂದ ಇಳಿಬೀಳುವ ಹಿಮದ ಕೋಲಿಗೆ ಈ ಹೆಸರು. ಚಾವಣಿಯ ಹಿಮ ಹಗಲು ಒಂದಿಷ್ಟು ಕರಗಿ, ಸೂರಿನಂಚಿಗೆ ಬಂದು ಮತ್ತೆ ಹೆಪ್ಪುಗಟ್ಟುತ್ತದೆ. ಬೆಳೆಯುತ್ತಿರುವ ಕೋಲನ್ನು ಹತ್ತಿರದಿಂದ ನೋಡಿದರೆ ಅದು ಒದ್ದೆ. ಮೈಮೇಲೆ ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ತೆಳುವಾದ ನೀರಿನ ಪದರ ಜಾರುತ್ತಿರುತ್ತದೆ. ತುದಿಯಲ್ಲಿ ಒಂದು ಹನಿ. ಆ ಹನಿಯ ಅಂಚು ಮೊದಲು ಗಟ್ಟಿಯಾಗುತ್ತದೆ, ನಡುವೆ ಸಣ್ಣ ಕೊಳವೆಯಲ್ಲಿ ನೀರು ಉಳಿಯುತ್ತದೆ. ನೀರು ಹೆಪ್ಪುಗಟ್ಟುವಾಗ ಶಾಖ ಬಿಡುತ್ತದೆ, ಅದನ್ನು ಗಾಳಿ ಹೊತ್ತೊಯ್ಯಬೇಕು. ಅದಕ್ಕೇ ಕೋಲು ದಪ್ಪವಾಗುವುದು ನಿಧಾನ, ತುದಿ ಮಾತ್ರ ಸರಸರ ಇಳಿಯುತ್ತದೆ. ಮೇಲಿಂದ ನೀರು ನಿಂತರೆ ಉದ್ದ ಬೆಳೆಯುವುದೂ ನಿಂತಿತು. ಹಾಗಾಗಿ ಬರೀ ಚಳಿ ಇದ್ದರೆ ಶಿಶರ್‌ಗಾಂಠ್ ಹುಟ್ಟುವುದಿಲ್ಲ. ಸ್ವಲ್ಪ ಬಿಸಿಲೋ ಮನೆಯೊಳಗಿನ ಬೆಚ್ಚಗೋ ಚಾವಣಿಗೆ ತಾಗಲೇಬೇಕು.