ಹೂಂಗುಟ್ಟುವ ಕಿವಿಗಳು: ಕರಾವಳಿಯಲ್ಲಿ ಮಕ್ಕಳ ಕೇಳುಕತೆ ನಡೆದುಬಂದ ದಾರಿ

ತುಳುವರ ಆಟಿ ತಿಂಗಳ ಮಳೆ ಹಿಡಿದರೆ ಬಿಡುವುದಿಲ್ಲ. ನಾಟಿಯ ಕೆಲಸ ಮುಗಿದು, ಹೊರಗೆ ಕಾಲಿಡಲಾಗದ ಆ ಸಂಜೆಗಳಲ್ಲಿ ಒಲೆಯ ಕೆಂಡದಲ್ಲಿ ಹಲಸಿನ ಬೀಜ ಸುಡುತ್ತ ಅಜ್ಜಿ ಕತೆ ತೆಗೆದರೆ, ಸುತ್ತ ಕುಳಿತ ಮಕ್ಕಳಿಗೆ ಇದ್ದ ಷರತ್ತು ಒಂದೇ: ಮಾತು ಮಾತಿಗೂ ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ಮಗು ನಿದ್ದೆಹೋಯಿತೋ, ಕತೆಯ ಎಳೆ ತಪ್ಪಿತೋ, ಹೆದರಿಕೆಯಾಯಿತೋ ಎಂಬುದನ್ನು ಅಜ್ಜಿ ಆ ಒಂದು ಅಕ್ಷರದ ಏರಿಳಿತದಿಂದಲೇ ತಿಳಿದುಕೊಂಡು, ಬೇಕಾದಲ್ಲಿ ಹಿಂದಕ್ಕೆ ಹೋಗಿ ಮತ್ತೊಮ್ಮೆ ಹೇಳಿ, ಬೇಕಾದಲ್ಲಿ ರಾಕ್ಷಸನ ಆರ್ಭಟವನ್ನು ತಗ್ಗಿಸಿ ಮುಂದುವರಿಯುತ್ತಿದ್ದಳು.

ಇಂದು ಮಂಗಳೂರು, ಉಡುಪಿ, ಮಣಿಪಾಲದ ಮನೆಗಳಲ್ಲಿ ಮಕ್ಕಳ ಕೈಯಿಂದ ಮೊಬೈಲ್ ಪರದೆಯನ್ನು ಬಿಡಿಸಲು ಹೆಣಗುತ್ತಿರುವ ತಂದೆ ತಾಯಿಯರು ಆಡಿಯೊ ಕತೆಗಳ ಕಡೆಗೆ ತಿರುಗಿದ್ದಾರೆ. ಇದನ್ನು ಹೊಸ ಸಂಗತಿಯೆಂದು ಭಾವಿಸುವವರು ಬಹಳ. ಆದರೆ ಕಿವಿಯ ಮೂಲಕ ಕತೆ ಕೇಳುವುದು ಈ ನೆಲದಲ್ಲಿ ಎಂದೂ ನಿಂತಿರಲಿಲ್ಲ. ಜಗಲಿಯಿಂದ ರೇಡಿಯೊಗೆ, ರೇಡಿಯೊದಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಫೋನಿಗೆ ಕತೆ ಸ್ಥಳ ಬದಲಾಯಿಸುತ್ತ ಬಂದಾಗ ಹೇಳುವ ದನಿಗೆ ಏನಾಯಿತು ಎಂಬುದನ್ನು ಹಲವರು ಬರೆದಿದ್ದಾರೆ. ಹೂಂಗುಟ್ಟುವವರಿಗೆ ಏನಾಯಿತು ಎಂಬುದು ಈ ಲೇಖನದ ವಿಷಯ.

ಕರಾವಳಿಯ ಮಟ್ಟಿಗೆ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಇಲ್ಲಿನ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತದೆ. ಕುಂದಾಪುರದ ಕಡೆಗೆ ಹೋದರೆ ಮನೆಮಾತು ಕನ್ನಡವೇ ಆದರೂ ಅದು ಪಠ್ಯಪುಸ್ತಕದ ಕನ್ನಡವಲ್ಲ. ಹೀಗಾಗಿ ಶಾಲೆಯ ಮೆಟ್ಟಿಲು ಹತ್ತುವ ದಿನ ಮಗುವಿನ ಎದುರಿಗೆ ಬರುವ ಬರಹ ಅದರ ಕಿವಿಗೆ ಅಪರಿಚಿತವಾಗಿರುತ್ತದೆ. ಇನ್ನೊಂದು ಕಡೆ, ಮನೆಮಾತಿನ ಕತೆಗಳಿಗೆ ಮಕ್ಕಳು ಓದಬಲ್ಲ ಪುಸ್ತಕದ ರೂಪ ಸಿಕ್ಕಿದ್ದು ತೀರ ಕಡಿಮೆ. ಎರಡೂ ಕಾರಣಗಳಿಂದ ಇಲ್ಲಿ ಮಗುವಿನ ಮೊದಲ ಪುಸ್ತಕ ಕೇಳಿದ ಕತೆಯೇ ಆಗಿತ್ತು.

ಆ ಪುಸ್ತಕ ಸಣ್ಣದೇನೂ ಅಲ್ಲ. ನೇಜಿ ನೆಡುವ ಗದ್ದೆಯಲ್ಲಿ ಒಬ್ಬಳು ಹೇಳಿಕೊಟ್ಟು ಉಳಿದವರು ದನಿಗೂಡಿಸುತ್ತಿದ್ದ ಪಾಡ್ದನಗಳನ್ನು, ಅಂದರೆ ತುಳುವಿನ ಕಥನಗೀತೆಗಳನ್ನು, ಬದುವಿನ ಮೇಲೆ ಆಡುತ್ತಿದ್ದ ಮಕ್ಕಳೂ ಕೇಳುತ್ತಿದ್ದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರೊಂದಿಗೆ ಸೇರಿ, ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರು ಹೇಳಿದ ‘ಸಿರಿ’ ಎಂಬ ತುಳು ಮೌಖಿಕ ಕಾವ್ಯವನ್ನು 1990ರಲ್ಲಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಅದು ಅಚ್ಚಾದಾಗ 15,683 ಸಾಲುಗಳಷ್ಟಾಯಿತು. ಒಬ್ಬ ಮನುಷ್ಯನ ನೆನಪಿನಲ್ಲಿ ಇಷ್ಟು ಉದ್ದದ ಕತೆ ಉಳಿಯಬೇಕಾದರೆ ಅದನ್ನು ಕೇಳುತ್ತ, ಹೂಂಗುಟ್ಟುತ್ತ, ಜೊತೆಗೆ ಹಾಡುತ್ತ ಬೆಳೆದ ಬಳಗವೊಂದು ಇರಲೇಬೇಕಷ್ಟೆ.

ಈ ಬಾಯಿಮಾತಿನ ಸಂಪತ್ತನ್ನು ಕನ್ನಡ ಶಾಲೆಯ ಕೋಣೆಗೆ ತಂದವರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874–1937) ಮೊದಲಿಗರು. ಶಿಕ್ಷಕರಾಗಿ, ಶಾಲೆಗಳ ಇನ್‌ಸ್ಪೆಕ್ಟರರಾಗಿ ಊರೂರು ತಿರುಗಿದ ಅವರು ಮಕ್ಕಳಿಗಾಗಿ ಬರೆದ ಕತೆಗಳಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ, ಪ್ರಶ್ನೆಯೊಂದು ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆ, ಪ್ರಾಸ ಕುಣಿಯುತ್ತದೆ. ಒಣಗದ ಸಿಗಡಿಯ ಕತೆಯನ್ನು ಗಟ್ಟಿಯಾಗಿ ಓದಿ ನೋಡಿದವರಿಗೆ, ಅದು ಕಣ್ಣಿಗಿಂತ ಕಿವಿಗಾಗಿ ಕಟ್ಟಿದ ಬರಹ ಎಂಬುದು ತಾನಾಗಿ ಗೊತ್ತಾಗುತ್ತದೆ. ಮುಂದಿನ ಸಾಲನ್ನು ಮಕ್ಕಳೇ ಒಕ್ಕೊರಲಿನಿಂದ ಹೇಳಲೆಂದು ಪಂಜೆಯವರು ಬಿಟ್ಟ ಜಾಗ ಆ ಕತೆಗಳ ಒಳಗೇ ಇದೆ.

ದನಿಯನ್ನು ಹಿಡಿದಿಡುವ ಯಂತ್ರ ಹುಟ್ಟಿದ್ದು ದೂರದ ದೇಶದಲ್ಲಿ. 1877ರಲ್ಲಿ ಥಾಮಸ್ ಎಡಿಸನ್ ತನ್ನ ಫೋನೋಗ್ರಾಫಿಗೆ ಮೊದಲು ಹೇಳಿದ್ದು ಕುರಿಮರಿಯ ಕುರಿತ ಒಂದು ಶಿಶುಗೀತೆಯನ್ನು. 1890ರಲ್ಲಿ ಅವನ ಕಂಪನಿ ಹೊಟ್ಟೆಯೊಳಗೆ ಪುಟ್ಟ ಫೋನೋಗ್ರಾಫ್ ಇದ್ದ ಮಾತಾಡುವ ಗೊಂಬೆಯನ್ನು ಮಾರುಕಟ್ಟೆಗೆ ತಂದಿತು. ಹಿಡಿಯನ್ನು ಮಗುವೇ ಒಂದೇ ವೇಗದಲ್ಲಿ ತಿರುಗಿಸಬೇಕಿತ್ತು, ದನಿ ಕರ್ಕಶವಾಗಿತ್ತು, ಯಂತ್ರ ಬೇಗ ಕೆಡುತ್ತಿತ್ತು. ಕೆಲವೇ ವಾರಗಳಲ್ಲಿ ಅದನ್ನು ಹಿಂದೆ ತೆಗೆದುಕೊಂಡರು. ಇಡೀ ಪುಸ್ತಕವನ್ನೇ ದನಿಯಾಗಿಸುವ ಕೆಲಸ ಗಟ್ಟಿಯಾಗಿ ನಿಂತಿದ್ದು 1930ರ ದಶಕದಲ್ಲಿ, ಅಮೆರಿಕ ಮತ್ತು ಬ್ರಿಟನ್ನಿನ ಅಂಧ ಓದುಗರಿಗಾಗಿ. ಆಡಿಯೊ ಪುಸ್ತಕಗಳನ್ನು ಇಂದು ಬಿಡುವಿನ ಹವ್ಯಾಸವೆಂದು ಕಾಣುವ ನಾವು ಅವು ಯಾರ ಅಗತ್ಯದಿಂದ ಹುಟ್ಟಿದವು ಎಂಬುದನ್ನು ಮರೆಯಬಾರದು.

ಕನ್ನಡಿಗರಿಗೆ ದನಿ ಗಾಳಿಯಲ್ಲಿ ಬಂದದ್ದು 1935ರಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 30 ವ್ಯಾಟಿನ ಪ್ರಸಾರಯಂತ್ರವನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ಆರಂಭಿಸಿದ ಆ ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಮುಂದೆ ಅದೇ ದೇಶದ ಬಾನುಲಿಯ ಹೆಸರಾಯಿತು. ಧಾರವಾಡ ಕೇಂದ್ರ 1950ರಲ್ಲಿ, ಬೆಂಗಳೂರು 1955ರಲ್ಲಿ, ಭದ್ರಾವತಿ 1965ರಲ್ಲಿ ಶುರುವಾದವು. 1956ರವರೆಗೆ ಮದ್ರಾಸಿಗೆ ಸೇರಿದ್ದ ಕರಾವಳಿಗೆ ಸ್ವಂತ ಕೇಂದ್ರ ದಕ್ಕಿದ್ದು 1976ರಲ್ಲಿ.

ಆ ಕೇಂದ್ರದ ಸ್ಟುಡಿಯೊ ಮಂಗಳೂರಿನ ಕದ್ರಿಯಲ್ಲಿ, ಪ್ರಸಾರದ ಗೋಪುರ ಬ್ರಹ್ಮಾವರದಲ್ಲಿ. ಮಧ್ಯಮ ತರಂಗದ ಅಲೆಗಳು ನೆಲವನ್ನು ಅಪ್ಪಿಕೊಂಡು ಸಾಗುತ್ತವೆ. ಒಣ ಕಲ್ಲುನೆಲಕ್ಕಿಂತ ತೇವದ ಮಣ್ಣು, ಅದಕ್ಕಿಂತಲೂ ಉಪ್ಪುನೀರು ಅವನ್ನು ಹೆಚ್ಚು ದೂರ ಒಯ್ಯುತ್ತದೆ. ಗದ್ದೆ, ಹೊಳೆ, ಹಿನ್ನೀರು, ಕಡಲು ಒಂದಕ್ಕೊಂದು ತಾಗಿಕೊಂಡಿರುವ ಉಡುಪಿಯ ಬಯಲು ಇದಕ್ಕೆ ಹೇಳಿ ಮಾಡಿಸಿದಂತಿತ್ತು. ಕನ್ನಡದ ಜೊತೆಗೆ ತುಳು, ಕೊಂಕಣಿಗಳಲ್ಲೂ ಮಾತಾಡಿದ ಈ ಕೇಂದ್ರದಿಂದಾಗಿ, ಮನೆಯಲ್ಲಿ ಆಡುವ ಮಾತು ಪೆಟ್ಟಿಗೆಯೊಳಗಿಂದಲೂ ಬರಬಹುದು ಎಂಬುದನ್ನು ಇಲ್ಲಿನ ಮಕ್ಕಳು ಕಂಡುಕೊಂಡರು.

ಬೀಡಿ ಕಟ್ಟುವ ಮನೆಗಳಲ್ಲಿ ಈ ರೇಡಿಯೊ ಹೇಗೆ ಕೂತಿತ್ತೆಂಬುದು ನನಗೆ ಚೆನ್ನಾಗಿ ನೆನಪಿದೆ. ಪಕ್ಕದ ಮನೆಯ ಜಗಲಿಯಲ್ಲಿ ಹೆಂಗಸರು ತೊಡೆಯ ಮೇಲೆ ತಡ್ಪೆ (ಮೊರ) ಇಟ್ಟುಕೊಂಡು, ಕತ್ತರಿಸಿದ ಎಲೆಗೆ ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದು ಕಟ್ಟುತ್ತಿದ್ದರು. ಕೈಗೂ ಕಣ್ಣಿಗೂ ಬಿಡುವಿರಲಿಲ್ಲ, ಕಿವಿ ಮಾತ್ರ ಖಾಲಿಯಿತ್ತು. ಕಿಟಕಿಯ ಹಲಗೆಯ ಮೇಲಿದ್ದ ರೇಡಿಯೊದಲ್ಲಿ ನಾಟಕವೋ ಮಕ್ಕಳ ಕಾರ್ಯಕ್ರಮವೋ ಬಂದರೆ ಶಾಲೆ ಬಿಟ್ಟು ಬಂದ ನಾವೂ ಅಲ್ಲೇ ಕುಳಿತುಬಿಡುತ್ತಿದ್ದೆವು. ಪಾತ್ರದ ಮಾತು ಅರ್ಥವಾಗದಿದ್ದರೆ ಯಾರಾದರೊಬ್ಬರು ನೂಲನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ತುಳುವಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಶೆಲ್ಲಿನ ಕಸುವು ಇಳಿದು ದನಿ ಕ್ಷೀಣವಾದರೆ ಅದನ್ನು ತೆಗೆದು ಬಿಸಿಲಿಗಿಡುವುದು ಮಕ್ಕಳ ಕೆಲಸ. ರೇಡಿಯೊಗೆ ನಮ್ಮ ಹೂಂ ಕೇಳಿಸುತ್ತಿರಲಿಲ್ಲ, ನಿಜ. ಆದರೆ ಅದನ್ನು ಕೇಳುವವರು ಪಕ್ಕದಲ್ಲೇ ಇದ್ದರು.

ಇದೇ ಕಾಲದಲ್ಲಿ ಬೆಳೆದ ಇನ್ನೊಂದು ಕೇಳುಕತೆಯ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಮಕ್ಕಳ ಸಾಹಿತ್ಯದ ಚರ್ಚೆಗಳಲ್ಲಿ ಅದರ ಹೆಸರು ಬರುವುದೇ ಇಲ್ಲ. ಅದು ತಾಳಮದ್ದಳೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದುದ್ದಕ್ಕೂ ಮನೆ, ದೇವಸ್ಥಾನಗಳ ಚಾವಡಿಗಳಲ್ಲಿ ನಡೆಯುವ ಈ ಕೂಟದಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಅರ್ಥಧಾರಿಗಳು ಬಿಳಿ ಪಂಚೆಯುಟ್ಟು ಎದುರೆದುರು ಕುಳಿತು, ಬರೆದಿಟ್ಟುಕೊಳ್ಳದ ಮಾತುಗಳಲ್ಲಿ ರಾಮ, ವಾಲಿ, ಕರ್ಣ, ಕೃಷ್ಣರಾಗುತ್ತಾರೆ. ಅರ್ಥವೆಂದು ಕರೆಯುವ ಈ ಮಾತಿನಲ್ಲಿ ಇಂಗ್ಲಿಷ್ ಪದ ನುಸುಳಬಾರದೆಂಬುದು ಎಲ್ಲೂ ಬರೆದಿಡದ ಕಟ್ಟುಪಾಡು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಮಲ್ಪೆಯ ಸಾಮಗ ಸಹೋದರರು ಮುಂತಾದವರ ಮಾತನ್ನು ಕೇಳುತ್ತ ಹಿರಿಯರ ಮಗ್ಗುಲಲ್ಲಿ ತೂಕಡಿಸುತ್ತಿದ್ದ ಮಕ್ಕಳಿಗೆ ತಾವು ಕನ್ನಡ ಕಲಿಯುತ್ತಿದ್ದೇವೆಂಬ ಅರಿವೂ ಇರುತ್ತಿರಲಿಲ್ಲ. ಮನೆಮಾತು ತುಳುವಾಗಿದ್ದ ಎಷ್ಟೋ ಮಂದಿಗೆ ಗ್ರಾಂಥಿಕ ಕನ್ನಡದ ದೀರ್ಘ ವಾಕ್ಯಗಳು ಮೊದಲು ಕಿವಿಗೆ ಬಿದ್ದದ್ದು ಇಲ್ಲಿಯೇ. ತಪ್ಪು ಮಾಡಿದವನಿಗೂ ತನ್ನದೊಂದು ವಾದವಿರುತ್ತದೆ ಎಂದು ವಾಲಿಯ ಬಾಯಿಂದ ಕೇಳಿಸಿಕೊಂಡ ಮಗು ಮರುದಿನ ಅಣ್ಣನೊಡನೆ ಜಗಳಕ್ಕಿಳಿದಾಗ ಅದೇ ವಾದವನ್ನು ಹೂಡುತ್ತಿತ್ತು.

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು 1980ರ ದಶಕದಲ್ಲಿ ನಮ್ಮ ಪೇಟೆಗಳಲ್ಲಿ ಅಗ್ಗವಾಗಿ ಸಿಗತೊಡಗಿದಾಗ ಕರಾವಳಿ ಅದನ್ನು ತಾಳಮದ್ದಳೆಗಾಗಿ, ಯಕ್ಷಗಾನಕ್ಕಾಗಿ, ತುಳು ನಾಟಕಕ್ಕಾಗಿ ತುಂಬಿ ತುಂಬಿ ಬಳಸಿಕೊಂಡಿತು. ಒಂದು ಬದಿಗೆ 30 ನಿಮಿಷ. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಎರಡೋ ಮೂರೋ ಕ್ಯಾಸೆಟ್ಟಿಗೆ ಇಳಿಸಬೇಕಾದಾಗ ಪದಗಳು ಕಡಿಮೆಯಾದವು, ವಾದ ಬಿಗಿಯಾಯಿತು. ರಾಮನು ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಟಪ್ಪೆಂದು ಗುಂಡಿ ಮೇಲೆದ್ದು ರೀಲು ನಿಲ್ಲುತ್ತಿತ್ತು. ಯಾರೋ ಎದ್ದು ಬದಿ ತಿರುಗಿಸುವವರೆಗೆ, ರಾಮ ಏನು ಹೇಳಬಹುದೆಂದು ಮನೆಯವರ ನಡುವೆಯೇ ಚರ್ಚೆ ಆಗಿಬಿಡುತ್ತಿತ್ತು. ಯಂತ್ರದ ಮಿತಿ ಕೇಳುಗರಿಗೆ ಅವರ ಸರದಿಯನ್ನು ಹಿಂದಿರುಗಿಸಿದ ಗಳಿಗೆಗಳವು. ಕ್ಯಾಸೆಟ್ಟು ಇನ್ನೊಂದನ್ನೂ ಕೊಟ್ಟಿತು: ಮೆಚ್ಚಿದ ಭಾಗವನ್ನು ಹಿಂದಕ್ಕೆ ಸುತ್ತಿ ಮತ್ತೆ ಕೇಳುವ ಅವಕಾಶ. ಒಂದೇ ಕತೆಯನ್ನು ನೂರು ಸಲ ಕೇಳಿದರೂ ಮಕ್ಕಳಿಗೆ ಬೇಸರವಾಗುವುದಿಲ್ಲ. ಅಜ್ಜಿಗೆ ಆಯಾಸವಾಗಬಹುದು, ಕ್ಯಾಸೆಟ್ಟಿಗೆ ಆಗುವುದಿಲ್ಲ.

ಟಿ.ವಿ. ಬಂದದ್ದು, 1987ರ ಜನವರಿಯಲ್ಲಿ ಶುರುವಾದ ರಾಮಾಯಣ ಧಾರಾವಾಹಿಗಾಗಿ ಭಾನುವಾರದ ಬೆಳಗ್ಗೆ ಬೀದಿಗಳು ಬರಿದಾದದ್ದು, ರೇಡಿಯೊ ಅಟ್ಟ ಸೇರಿದ್ದು ಎಲ್ಲರಿಗೂ ಗೊತ್ತಿರುವ ಕತೆ.

ಹೆಚ್ಚು ಮಂದಿಗೆ ಗೊತ್ತಿಲ್ಲದ್ದು, ರೇಡಿಯೊ ಹೂಂ ಕೇಳಿಸಿಕೊಳ್ಳಲು ಪ್ರಯತ್ನಿಸಿದ ಕತೆ. 1970ರ ದಶಕದಲ್ಲಿ ನಿಕರಾಗುವಾ ದೇಶದಲ್ಲಿ ರೇಡಿಯೊ ಮೂಲಕ ಗಣಿತ ಕಲಿಸಲು ಹೊರಟವರು ಪಾಠದ ನಡುನಡುವೆ ಕೆಲವು ಕ್ಷಣಗಳ ಮೌನ ಬಿಟ್ಟರು. ರೇಡಿಯೊ ಪ್ರಶ್ನೆ ಕೇಳುತ್ತದೆ, ಸುಮ್ಮನಾಗುತ್ತದೆ, ತರಗತಿ ಒಟ್ಟಾಗಿ ಉತ್ತರಿಸುತ್ತದೆ, ಆಮೇಲೆ ರೇಡಿಯೊ ಸರಿಯುತ್ತರ ಹೇಳುತ್ತದೆ. ಇದೇ ಕ್ರಮ 2000ರ ದಶಕದಲ್ಲಿ ಕರ್ನಾಟಕದ ಸರಕಾರಿ ಪ್ರಾಥಮಿಕ ಶಾಲೆಗಳಿಗೆ ‘ಕೇಳಿ ಕಲಿ’, ‘ಚಿಣ್ಣರ ಚುಕ್ಕಿ’, ‘ಚುಕ್ಕಿ ಚಿನ್ನ’ ಎಂಬ ಹೆಸರುಗಳಲ್ಲಿ ಆಕಾಶವಾಣಿಯ ಮೂಲಕ ಬಂತು. ಕತೆ, ಹಾಡು, ಒಗಟುಗಳ ನಡುವೆ ಪಾಠ ಸಾಗುತ್ತಿತ್ತು. ‘ಎದ್ದು ನಿಲ್ಲಿ’ ಎಂದರೆ ಮಕ್ಕಳು ನಿಲ್ಲುತ್ತಿದ್ದರು, ‘ಜೋರಾಗಿ ಹೇಳಿ’ ಎಂದರೆ ಹಂಚು ಹಾರುವಂತೆ ಕೂಗುತ್ತಿದ್ದರು. ಸಿಗ್ನಲ್ ಸರಿಯಾಗಿ ಬಾರದ, ಪ್ರಸಾರದ ಹೊತ್ತಿಗೆ ಕರೆಂಟು ಹೋಗುವ ತೊಂದರೆಗಳಿದ್ದವು. ಆದರೂ ಹೊಳೆವ ಉಪಕರಣಗಳಾವುವೂ ಇಲ್ಲದೆ, ಬರಿಯ ಮೌನವನ್ನು ಅಳೆದು ಇಟ್ಟು ಮಕ್ಕಳನ್ನು ಕತೆಯ ಒಳಗೆ ಸೇರಿಸಿಕೊಂಡ ಆ ಪ್ರಯೋಗವನ್ನು ನಮ್ಮ ಶಿಕ್ಷಣ ಕ್ಷೇತ್ರ ಇಷ್ಟು ಬೇಗ ಮರೆತದ್ದು ನನಗೆ ಈಗಲೂ ನೋವಿನ ಸಂಗತಿ.

ಕೇಳುವುದಕ್ಕೂ ಓದುವುದಕ್ಕೂ ಇರುವ ನಂಟು ಊಹೆಯ ಮಾತಲ್ಲ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ಇಬ್ಬರು ಸಂಶೋಧಕರು ಓದಿ ಅರ್ಥಮಾಡಿಕೊಳ್ಳುವ ಶಕ್ತಿಯನ್ನು ಎರಡು ಸಾಮರ್ಥ್ಯಗಳ ಗುಣಲಬ್ಧವಾಗಿ ವಿವರಿಸಿದರು: ಬರಹವನ್ನು ಬಿಡಿಸುವುದು ಒಂದು, ಕೇಳಿದ ಮಾತನ್ನು ಗ್ರಹಿಸುವುದು ಇನ್ನೊಂದು. ಇದು ಕೂಡಿಕೆಯಲ್ಲ, ಗುಣಾಕಾರ; ಒಂದು ಸೊನ್ನೆಯಾದರೆ ಇಡೀ ಲೆಕ್ಕವೇ ಸೊನ್ನೆ. ಕನ್ನಡದ ಮಗುವಿಗೆ ಕಾಗುಣಿತ, ಒತ್ತಕ್ಷರಗಳು ಪೂರ್ತಿ ಕೈವಶವಾಗಲು ವರ್ಷಗಳೇ ಬೇಕು. ಆ ವರ್ಷಗಳಲ್ಲಿ ಮಗುವಿನ ಬುದ್ಧಿ ‘ಬಸವ, ಕಮಲ’ಗಳಿಗಿಂತ ಬಹಳ ಮುಂದಿರುತ್ತದೆ. ಅದಕ್ಕೆ ತಕ್ಕ ಕತೆ ಒದಗಿಸಲು ಇರುವ ದಾರಿ ಕಿವಿಯೇ.

ಇಂದು ದಾರಿಗಳಿಗೆ ಕೊರತೆಯಿಲ್ಲ. 2006ರಲ್ಲಿ ಸಮುದಾಯ ಬಾನುಲಿಯ ನೀತಿ ವಿಸ್ತಾರವಾದ ಮೇಲೆ ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್ 107.8 ಕಂಪನಾಂಕದಲ್ಲಿ ಊರಿನ ಹಲವು ಭಾಷೆಗಳಲ್ಲಿ ಮಾತಾಡುತ್ತಿದೆ. ಮಣಿಪಾಲದಲ್ಲೂ ಅಂಥದೊಂದು ಕೇಂದ್ರವಿದೆ. ಕನ್ನಡದ ಆಡಿಯೊ ಪುಸ್ತಕಗಳಿಗಾಗಿಯೇ ಆ್ಯಪ್‌ಗಳು ಬಂದಿವೆ. ಆದರೆ ಇವುಗಳಲ್ಲಿ ಸಿಗುವ ಮಕ್ಕಳ ಕತೆಗಳನ್ನು ಕೇಳುತ್ತ ಹೋದಂತೆ ಎರಡು ಕೊರತೆಗಳು ಎದ್ದು ಕಾಣುತ್ತವೆ. ಬಹುಪಾಲು ಕತೆಗಳು ಯಾವ ಊರಿಗೂ ಸೇರದ ಒಂದೇ ಬಗೆಯ ಕನ್ನಡದಲ್ಲಿವೆ. ತುಳು, ಬ್ಯಾರಿ, ಕುಂದಾಪ್ರ ಕನ್ನಡದ ಮಕ್ಕಳ ಕತೆಗಳು ಹುಡುಕಿದರೂ ಕೈಬೆರಳ ಎಣಿಕೆ ದಾಟುವುದಿಲ್ಲ. ಎರಡನೆಯದು, ಹಿನ್ನೆಲೆ ಸಂಗೀತ ಎಡೆಬಿಡದೆ ತುಂಬಿಕೊಂಡು ಮಗು ಬಾಯಿ ತೆರೆಯಲು ಒಂದು ಉಸಿರಿನಷ್ಟೂ ಜಾಗವಿರುವುದಿಲ್ಲ. ಅದರ ಮೇಲೆ ಇಯರ್‌ಫೋನ್ ಸಿಕ್ಕಿಸಿದರೆ, ಬೀಡಿ ಕಟ್ಟುವ ಜಗಲಿಯಲ್ಲಿ ನಮಗೆ ಅರ್ಥ ಬಿಡಿಸಿ ಹೇಳುತ್ತಿದ್ದವರಂಥವರಿಗೂ ಬಾಗಿಲು ಮುಚ್ಚಿದಂತೆ. ಮಗುವನ್ನು ಸುಮ್ಮನಿರಿಸಲು ಕತೆ ಹಾಕುವುದಕ್ಕಿಂತ, ಕೆಲಸದ ನಡುವೆಯಾದರೂ ಮನೆಯವರು ಜೊತೆಗೆ ಕೇಳುವಂತೆ ಅಡುಗೆಮನೆಯ ಕಟ್ಟೆಯ ಮೇಲೆ ಸ್ಪೀಕರ್ ಇಡುವುದು ಮೇಲು ಎಂಬುದು ನನ್ನ ಅನುಭವ.

ಕಚ್ಚಾ ಸಾಮಗ್ರಿಗಾಗಿ ದೂರ ಹೋಗಬೇಕಾಗಿಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಈ ಸೀಮೆಯ ಕಲೆಗಳ ಧ್ವನಿ ಮತ್ತು ದೃಶ್ಯ ದಾಖಲೆಗೆ ಬಹಳ ಹಿಂದೆಯೇ ಕೈಹಾಕಿತು. ಮನೆಗಳಲ್ಲೂ ಹೇಳುವವರು ಇನ್ನೂ ಇದ್ದಾರೆ. ಕಳೆದ ಆಟಿಯಲ್ಲಿ ನಮ್ಮ ಸಂಬಂಧಿಕರ ಮನೆಯ ಅಜ್ಜಿಯೊಬ್ಬರು ಮೊಮ್ಮಗಳಿಗೆ ತುಳುವಿನಲ್ಲಿ ಹೇಳಿದ ಕತೆಯನ್ನು ನಾನು ಫೋನಿನಲ್ಲಿ ಮುದ್ರಿಸಿಕೊಂಡೆ. ಹಂಚಿನ ಮೇಲೆ ಬೀಳುವ ಮಳೆ, ಮಧ್ಯದಲ್ಲಿ ಕುಕ್ಕರಿನ ಶಿಳ್ಳೆ, ಪ್ರತಿ ಸಾಲಿನ ಕೊನೆಗೂ ಮಗುವಿನ ಹೂಂ. ಅದನ್ನು ಶುದ್ಧಗೊಳಿಸಲೆಂದು ಸ್ಟುಡಿಯೊ ಒಂದರಲ್ಲಿ ಕೆಲಸ ಮಾಡುವ ಗೆಳೆಯನಿಗೆ ಕೊಟ್ಟಾಗ ಅವನು ಕುಕ್ಕರಿನ ಸದ್ದು ತೆಗೆದ, ಮಳೆಯನ್ನು ತಗ್ಗಿಸಿದ, ಹೂಂಗಳನ್ನೂ ಅಳಿಸಬೇಕೇ ಎಂದು ಕೇಳಿದ. ಬೇಡವೆಂದೆ. ಕತೆಯನ್ನು ಮನೆಗೆ ತಂದು ಮೊದಲ ಸಲ ಹಾಕಿದ ರಾತ್ರಿ ಪಕ್ಕದ ಮನೆಯ ಹುಡುಗ ಮೂರನೆಯ ಸಾಲಿಗೆಲ್ಲ ಆ ಹೂಂ ಜೊತೆಗೆ ತನ್ನದನ್ನೂ ಸೇರಿಸತೊಡಗಿದ್ದ.