ಮೊದಲು ನೀರು, ಆಮೇಲೆ ಟೈರು

ನನ್ನ ಗ್ಯಾರೇಜಿಗೆ ವ್ಯಾನು ತಂದವರು ಕೀಲಿಗಿಂತ ಮೊದಲು ಬೇಕಾದ ಬದಲಾವಣೆಗಳ ಚೀಟಿ ಕೊಟ್ಟರು. ಗಾಡಿಯನ್ನು ಎತ್ತರಿಸಲು ಎರಡು ಇಂಚು ಲಿಫ್ಟ್, 31 ಇಂಚಿನ ಟೈರು, ನೀರು ದಾಟುವಾಗ ಎಂಜಿನ್ನಿಗೆ ಮೇಲಿನಿಂದ ಗಾಳಿ ತರುವ ಸ್ನಾರ್ಕೆಲ್ ಕೊಳವೆ, ಮೇಲೊಂದು ಕ್ಯಾರಿಯರ್, ಮುಂದೆ ಬುಲ್ ಬಾರ್, ಅದರ ಮೇಲೆ ನಾಲ್ಕು ದೀಪ. ಗಾಡಿ ಮಿತ್ಸುಬಿಷಿ ಡೆಲಿಕಾ ಸ್ಟಾರ್ ವ್ಯಾಗನ್, 2.5 ಲೀಟರಿನ 4ಡಿ56 ಟರ್ಬೊ ಡೀಸೆಲ್, ಫೋರ್ ವೀಲ್ ಡ್ರೈವ್. ಚೀಟಿಯನ್ನು ಜೇಬಿಗಿಟ್ಟುಕೊಂಡು, "ಕೂಲಂಟ್ ಬದಲಾಯಿಸಿದ್ದು ಯಾವಾಗ ಸಾರ್?" ಅಂತ ಕೇಳಿದೆ. "ಕಡಿಮೆಯಾದಾಗೆಲ್ಲ ಹಾಕ್ತಾ ಇರ್ತೀನಿ" ಅಂದರು. ಈ ಉತ್ತರಕ್ಕೆ ನನ್ನೆದೆ ಈಗಲೂ ಝಲ್ಲೆನ್ನುತ್ತದೆ. ಎಣ್ಣೆ ಒಂಚೂರು ಸುಡುವುದು ಸಹಜ. ಎಂಜಿನ್ ತಣ್ಣಗಿಡಲು ಮುಚ್ಚಿದ ಕೊಳವೆಗಳೊಳಗೆ ಸುತ್ತುವ ಈ ಕೂಲಂಟ್ ನೀರಿಗೆ ಕಡಿಮೆಯಾಗಲು ಕಾರಣವೇ ಇಲ್ಲ.

ಈ ಎಂಜಿನ್ನಿನ ಬ್ಲಾಕು ಎರಕದ ಕಬ್ಬಿಣ, ಅದರ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡು ಅಲ್ಯುಮಿನಿಯಂ. ಬಿಸಿಗೆ ಅಲ್ಯುಮಿನಿಯಂ ಹಿಗ್ಗುವುದು ಕಬ್ಬಿಣದ ಹೆಚ್ಚುಕಡಿಮೆ ಎರಡರಷ್ಟು. ಸಾಲದ್ದಕ್ಕೆ ಹಳೆಯ ಮಾದರಿಯ ಡೀಸೆಲ್ ಇದು. ಉರಿ ಶುರುವಾಗುವುದೇ ಹೆಡ್ಡಿನೊಳಗಿನ ಪುಟ್ಟ ಕೋಣೆಯಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, ಎಂಜಿನ್ ಕೂತಿರುವುದು ಮುಂದಿನ ಸೀಟುಗಳ ಕೆಳಗೆ, ಪೆಟ್ಟಿಗೆಯೊಳಗೆ. ಬಾನೆಟ್ ಇರುವ ಗಾಡಿಗೆ ಸಿಗುವ ಗಾಳಿ ಇದಕ್ಕಿಲ್ಲ. ಒಮ್ಮೆ ಜೋರಾಗಿ ಹೀಟಾದರೆ ಹೆಡ್ಡು ಸೊಟ್ಟಗಾಗುತ್ತದೆ, ಇಲ್ಲವೇ ವಾಲ್ವುಗಳ ನಡುವೆ ಬಿರುಕು ಬಿಡುತ್ತದೆ.

"ಟೆಂಪರೇಚರ್ ಗೇಜಿನ ಮುಳ್ಳು ಮಧ್ಯದಲ್ಲೇ ಇತ್ತಲ್ಲ" ಅನ್ನುತ್ತಾರೆ. ಇದ್ದೀತು. ಕಾರ್ಖಾನೆಯ ಎಷ್ಟೋ ಗೇಜುಗಳನ್ನು ಚಾಲಕರು ಗಾಬರಿಯಾಗದಂತೆ ಮಾಡಿರುತ್ತಾರೆ. ನಡುವಿನ ದೊಡ್ಡ ಅಂತರದಲ್ಲಿ ಮುಳ್ಳು ಅಲ್ಲಾಡುವುದಿಲ್ಲ, ಅಲ್ಲಾಡಿದಾಗ ತಡವಾಗಿರುತ್ತದೆ. ಇನ್ನೊಂದು ಮೋಸ ಇದಕ್ಕಿಂತ ಕೆಟ್ಟದ್ದು. ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಹೋಸ್ ಒಡೆದು ನೀರೆಲ್ಲ ಸೋರಿದರೆ ಅದರ ಸುತ್ತ ಉಳಿಯುವುದು ಬರೀ ಗಾಳಿ. ಎಂಜಿನ್ ಸುಡುತ್ತಿರುವಾಗಲೇ ಮುಳ್ಳು ಕೆಳಗಿಳಿದದ್ದನ್ನು ನೋಡಿದ್ದೇನೆ. ಹಾಗಾಗಿ ನನ್ನ ಮಟ್ಟಿಗೆ ಈ ಗಾಡಿಯ ಮೊದಲ ಮಾಡಿಫಿಕೇಶನ್ ಹೊರಗೆ ಕಾಣುವುದೇ ಇಲ್ಲ: ನೀರಿನ ಮಟ್ಟ ಇಳಿದರೆ ಕೂಗುವ ಒಂದು ಅಲಾರಂ, ಹೆಡ್ಡಿನ ಲೋಹಕ್ಕೇ ಬೋಲ್ಟ್ ಹಾಕಿ ಕೂರಿಸುವ ಒಂದು ಸೆನ್ಸರ್.

ಇವರ ಗಾಡಿಯ ನೀರು ಎಲ್ಲಿಗೆ ಹೋಗುತ್ತಿತ್ತು? ಮೊದಲು ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ರೇಡಿಯೇಟರಿನ ಬಾಯಲ್ಲಿ ನೀಲಿ ದ್ರವದ ಕೊಳವೆ ಇಟ್ಟು ಎಂಜಿನ್ ಓಡಿಸಿ ನೋಡಿದೆ. ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದ್ದರೆ ಅದರ ಬಣ್ಣ ಬದಲಾಗಬೇಕು. ನೀಲಿಯಾಗಿಯೇ ಉಳಿಯಿತು. ಕೊನೆಗೆ ಕಳ್ಳ ಸಿಕ್ಕಿದ್ದು ಗಾಡಿಯ ಅಡಿಯಲ್ಲಿ. ಹಿಂದಿನ ಸೀಟಿನವರ ಹೀಟರಿಗೆ ನೀರು ಒಯ್ಯುವ ಉಕ್ಕಿನ ಪೈಪು ಕೆಸರು ಕಟ್ಟಿಕೊಂಡು ತುಕ್ಕು ಹಿಡಿದು, ಸೂಜಿ ಮೊನೆಯಷ್ಟು ತೂತಾಗಿತ್ತು. ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಸೋರುತ್ತಿತ್ತು. ಮನೆ ಮುಂದೆ ನಿಂತಾಗ ನೆಲ ಒಣಒಣ. ಪೈಪು ಹೊಸದು ಹಾಕಿ, ಗಾಡಿಯ ಮೂತಿ ಎತ್ತರಿಸಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗಿಟ್ಟು ಕೂಲಂಟ್ ತುಂಬಿದೆವು. ಈ ಗಾಡಿಯಲ್ಲಿ ಗಾಳಿ ಸಿಕ್ಕಿಕೊಳ್ಳಲು ಉದ್ದದ ದಾರಿಗಳಿವೆ, ಅವಸರ ಮಾಡಬಾರದು.

ಅದೇ ಸಲ, ಬಿಸಿಯಾದಾಗ ಫ್ಯಾನನ್ನು ಎಂಜಿನ್ನಿನ ಜೊತೆ ಬಿಗಿಯಾಗಿ ತಿರುಗಿಸುವ ಫ್ಯಾನ್ ಕ್ಲಚ್ಚೂ ನೋಡಿದೆ. ಒಳಗಿನ ಸಿಲಿಕೋನ್ ಎಣ್ಣೆ ಸೋರಿಹೋದರೆ ಬಿಸಿಯಾದಾಗಲೂ ಫ್ಯಾನು ಸಡಿಲವಾಗಿ ತಿರುಗುತ್ತದೆ. ಎಂಜಿನ್ ಬಿಸಿಯಿರುವಾಗ, ಆಫ್ ಮಾಡಿದ ಮೇಲೆಯೇ, ಕೈಯಿಂದ ತಿರುಗಿಸಿದರೆ ಬಿಗಿಯಾಗಿರಬೇಕು. ಇವರದ್ದು ಗಿರಗಿಟ್ಟಲೆಯಂತೆ ತಿರುಗಿತು. ಇನ್ನು ಆ ನಾಲ್ಕು ದೀಪ: ಗ್ರಿಲ್ಲಿನ ಮುಂದೆ ಸಾಲಾಗಿ ಕೂರಿಸಿದರೆ ರೇಡಿಯೇಟರಿಗೆ ಬರಬೇಕಾದ ಗಾಳಿಗೇ ಅಡ್ಡ. ಎರಡು ಸಾಕು, ಅಂಚಿಗೆ ಹಾಕೋಣ ಎಂದೆ. ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು.

ಪಿಸ್ಟನ್ನಿಗೆ ತಕ್ಕಂತೆ ವಾಲ್ವುಗಳನ್ನು ಆಡಿಸುವ ಟೈಮಿಂಗ್ ಬೆಲ್ಟು ಯಾವಾಗ ಹಾಕಿದ್ದೆಂಬ ದಾಖಲೆ ಇರಲಿಲ್ಲ. ದಾಖಲೆ ಇಲ್ಲದ ಬೆಲ್ಟು ನನಗೆ ಹಳೆಯ ಬೆಲ್ಟೇ. ಇದರಲ್ಲಿ ಎಂಜಿನ್ನಿನ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿಗೆ ಇನ್ನೊಂದು ಚಿಕ್ಕ ಬೆಲ್ಟಿದೆ. ಅದು ತುಂಡಾದರೆ ದೊಡ್ಡದರ ಹಲ್ಲಿಗೆ ಸಿಕ್ಕಿ ಅದನ್ನೂ ಹಾಳುಮಾಡಬಲ್ಲದು, ಆಗ ಪಿಸ್ಟನ್ನೂ ವಾಲ್ವೂ ಗುದ್ದಾಡುತ್ತವೆ. ಎರಡನ್ನೂ ಒಟ್ಟಿಗೇ ಹಾಕಿದೆ.

ಇಷ್ಟಾದ ಮೇಲೆ ಚೀಟಿ ತೆಗೆದೆ. 235/75 ಆರ್ 15 ಟೈರಿನಿಂದ 31 ಇಂಚಿಗೆ ಹೋದರೆ ಸುತ್ತಳತೆ ಸುಮಾರು ಶೇಕಡಾ 7 ಹೆಚ್ಚುತ್ತದೆ. ಮೀಟರು 100 ತೋರಿಸುವಾಗ ಗಾಡಿ 107ರಲ್ಲಿರುತ್ತದೆ. ಗೇರುಗಳೆಲ್ಲ ಅಷ್ಟರಮಟ್ಟಿಗೆ ಉದ್ದವಾದಂತೆ, ಏರಿನಲ್ಲಿ ಎಳೆತ ಕುಸಿಯುತ್ತದೆ. ಆಗ ಎಲ್ಲರಿಗೂ ಒಂದೇ ಯೋಚನೆ: ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಜಾಸ್ತಿ ಮಾಡೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಕಡಿಮೆಯಾದರೆ ಬಿಸಿ ಹೆಚ್ಚು. ಡೀಸೆಲ್ಲಿನಲ್ಲಿ ತದ್ವಿರುದ್ಧ, ಹೆಚ್ಚು ಸುರಿದಷ್ಟೂ ಹೆಚ್ಚು ಬಿಸಿ. ಕರಿಹೊಗೆ ಬಂತೆಂದರೆ ಸುಡಲು ಗಾಳಿ ಸಾಲುತ್ತಿಲ್ಲ ಎಂದರ್ಥ. ಸ್ಕ್ರೂ ಮುಟ್ಟಲೇಬೇಕೆನ್ನುವವರಿಗೆ ಟರ್ಬೊಗಿಂತ ಮುಂಚೆ ಹೊಗೆಯ ಉಷ್ಣತೆ ಅಳೆಯುವ ಗೇಜು ಹಾಕದೆ ನಾನು ಸ್ಪ್ಯಾನರ್ ಎತ್ತುವುದಿಲ್ಲ.

ಲಿಫ್ಟ್ ವಿಚಾರದಲ್ಲಿ ತಪ್ಪುಕಲ್ಪನೆ ಇನ್ನೂ ದೊಡ್ಡದು. ಈ ಗಾಡಿಯ ಮುಂಭಾಗ ಕೂತಿರುವುದು ಟಾರ್ಷನ್ ಬಾರ್ ಮೇಲೆ, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳಿನ ಮೇಲೆ. ಬೋಲ್ಟು ತಿರುಗಿಸಿದರೆ ಮೂತಿ ಮೇಲೇಳುತ್ತದೆ, ನಿಜ. ಬಾರ್ ಗಟ್ಟಿಯಾಗುವುದಿಲ್ಲ, ಚಕ್ರ ಕೆಳಗಿಳಿಯಲು ಉಳಿದಿದ್ದ ಜಾಗ ಮಾತ್ರ ಕರಗುತ್ತದೆ. ಗುಂಡಿ ಬಂದಾಗ ಚಕ್ರ ಇಳಿಯಲಾರದೆ ಧಡ್ ಎಂದು ತಡೆಗೆ ಬಡಿಯುತ್ತದೆ. ಆಕ್ಸಲ್ ಜಾಯಿಂಟಿನ ಕೋನ ಚೂಪಾಗಿ ರಬ್ಬರ್ ಬೂಟು ಬೇಗ ಹರಿಯುತ್ತದೆ, ಗ್ರೀಸು ಹೋಗಿ ಮಣ್ಣು ಸೇರುತ್ತದೆ. ಅರ್ಧ ಇಂಚು, ಮುಕ್ಕಾಲು ಇಂಚಿಗಿಂತ ನಾನು ಮುಂದೆ ಹೋಗುವುದಿಲ್ಲ.

ಕ್ಯಾರಿಯರ್ ಬಗ್ಗೆ ಹೆಚ್ಚು ಹೇಳಲಿಲ್ಲ. ತುಂಬಿದ ಟ್ಯಾಂಕು, 80 ಲೀಟರ್ ನೀರು, ಸಾಮಾನು, ಮಂದಿ, ಎಲ್ಲ ಸೇರಿಸಿ ಗಾಡಿಯನ್ನು ವೇಬ್ರಿಡ್ಜ್ ಹತ್ತಿಸಿ ಬನ್ನಿ, ಮುಂದಿನ ಹಿಂದಿನ ಆಕ್ಸಲ್ ಬೇರೆಬೇರೆಯಾಗಿ ತೂಗಿಸಿ ಎಂದೆ. ತೂಕದ ಚೀಟಿ ನೋಡಿ ಕ್ಯಾರಿಯರ್ ಮಾತು ತಾವಾಗಿಯೇ ಬಿಟ್ಟರು. ಗಾಡಿಯೊಳಗಿನ ಫ್ರಿಜ್ಜಿಗೆಂದು ಕೇಳಿದ ಎರಡನೇ ಬ್ಯಾಟರಿಗೆ ಮಾತ್ರ ಸಂತೋಷದಿಂದ ವೈರ್ ಎಳೆದುಕೊಟ್ಟೆ. ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಬೇಕು, ಫ್ರಿಜ್ಜಿನ ಪಕ್ಕದಲ್ಲಲ್ಲ. ನಡುವಿನ ವೈರು ಉಜ್ಜಿ ಶಾರ್ಟ್ ಆದರೆ ಬೆಂಕಿ ಹತ್ತುವುದು ಅಲ್ಲಿಯೇ.

ಉಳಿದದ್ದು ಸ್ನಾರ್ಕೆಲ್. ಡೀಸೆಲ್ ಎಂಜಿನ್ ಗಾಳಿಯನ್ನು ಇಪ್ಪತ್ತು ಪಟ್ಟಿಗೂ ಮೀರಿ ಹಿಂಡುತ್ತದೆ, ನೀರನ್ನು ಹಿಂಡಲಾರದು. ಒಂದು ಲೋಟ ಒಳಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆದ್ದರಿಂದ ಅವರ ಆಸೆ ತಪ್ಪೇನಲ್ಲ. ಆದರೆ ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆಗಳಾದ ಡಿಫರೆನ್ಷಿಯಲ್ಲಿಗೂ ಟ್ರಾನ್ಸ್‌ಫರ್ ಕೇಸಿಗೂ ಉಸಿರಾಡುವ ಒಂದೊಂದು ಪುಟ್ಟ ಬ್ರೀದರ್ ಇದೆ, ಅದನ್ನು ಯಾರೂ ಚೀಟಿಯಲ್ಲಿ ಬರೆದು ತರುವುದಿಲ್ಲ. ದಾರಿ ಸವೆಸಿ ಕಾದ ಡಿಫರೆನ್ಷಿಯಲ್ ತಣ್ಣನೆಯ ಹೊಳೆಗಿಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಸೀಲಿನ ಸಂದಿಯಿಂದಲೇ ನೀರು ಹೀರಿಕೊಳ್ಳುತ್ತದೆ. ಇವರ ಹಿಂದಿನ ಡಿಫರೆನ್ಷಿಯಲ್ಲಿನ ಪ್ಲಗ್ ಬಿಚ್ಚಿದಾಗ ಇಳಿದದ್ದು ಹಾಲು ಬೆರೆಸಿದ ಕಾಫಿ ಬಣ್ಣದ ಎಣ್ಣೆ. ಎಣ್ಣೆ ಬದಲಾಯಿಸಿ, ಬ್ರೀದರಿಗೆ ಉದ್ದನೆಯ ಹೋಸ್ ಜೋಡಿಸಿ ದೀಪದ ಎತ್ತರಕ್ಕೆ ಕಟ್ಟಿದೆ. ಸ್ನಾರ್ಕೆಲ್ ಮುಂದಿನ ಸರ್ವೀಸಿಗೆ ಎಂದು ಬರೆದುಕೊಂಡಿದ್ದೇನೆ.